ಕೆಂಪು ತುದಿ ಗೋಡೆ ಕಡೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ರಿಪೇರಿಯಲ್ಲಿರುವ ಮನೆಯ ಹಿತ್ತಲಿನಲ್ಲಿ, ಟೈಲು ಕೊಯ್ಯುವುದರಿಂದ ಎಲ್ಲರೂ ಗರಗಸದಕ್ಕ ಎಂದೇ ಕರೆಯುವ ಅಕ್ಕ ರಬ್ಬರ್ ಬೂಟು ಮೆಟ್ಟಿಕೊಂಡು ಯಂತ್ರದ ತೊಟ್ಟಿಯಿಂದ ನಿನ್ನೆಯ ಕೆಸರು ನೀರು ಚೆಲ್ಲುತ್ತಿದ್ದಾರೆ. ಹೊಸ ನೀರು ತುಂಬದೆ ಅವರು ಸ್ವಿಚ್ ಒತ್ತುವವರಲ್ಲ. ಟೈಲು ಕೊಯ್ಯುವಾಗ ಬ್ಲೇಡಿನ ಕಾವು ಇಳಿಸುವುದೂ ದೂಳು ಅಡಗಿಸುವುದೂ ಈ ನೀರೇ. “ಬಾಯಿ ಮುಕ್ಕಳಿಸಿದ ನೀರಲ್ಲೇ ಯಾರಾದ್ರೂ ಮುಖ ತೊಳೀತಾರಾ? ಮಷೀನಿಗೂ ಮಾನ ಮರ್ಯಾದೆ ಇದೆ” ಎನ್ನುತ್ತಾ ಬ್ಲೇಡು ಒರೆಸುತ್ತಾರೆ.

ಗೋಡೆಗೆ ಒರಗಿ ಒಂದೇ ಒಂದು ಟೈಲು ನಿಂತಿದೆ. ನಾಲ್ಕಡಿ ಉದ್ದ, ಎರಡಡಿ ಅಗಲ, ಬೂದು ಬಣ್ಣ, ಮೈತುಂಬ ಬಿಳಿ ಎಳೆ. ಈ ಛಾಯೆಯ ಸರಕು ಮುಗಿಯಿತು ಎಂದು ಅಂಗಡಿಯವನು ಕೈಯಲ್ಲಾಡಿಸಿಬಿಟ್ಟಿದ್ದಾನೆ. ಇದರ ಒಂದು ಮೂಲೆ ತೆಗೆದು ಒಳಕೋಣೆಯ ಬಾಗಿಲ ಚೌಕಟ್ಟಿಗೆ ಹೊಂದಿಸಬೇಕು. ಮನೆಯ ಅಜ್ಜಿ ನಾಳೆ ಸಂಜೆ ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಬರುತ್ತಾರೆ. ಹೊಸಿಲು ಕಿತ್ತು ನೆಲ ಸಮ ಮಾಡಿಸಿರುವುದು ಅವರಿಗಾಗಿಯೇ. ಗಾರೆ ಕಚ್ಚಲು ಒಂದು ದಿನವಾದರೂ ಬೇಕು, ಹಾಗಾಗಿ ಟೈಲು ಈಗಲೇ ಕೂರಬೇಕು. ಕೆಟ್ಟಿತೋ, ಅಜ್ಜಿಯ ಬಾಗಿಲಲ್ಲಿ ಹಳ್ಳ.

ಇಂಥದ್ದೇ ಒಂದು ನಿನ್ನೆ ಕೆಟ್ಟಿತು. ಅಕ್ಕ ಹೊರಗೆ ಕೊಯ್ಯುತ್ತಾರೆ, ಅವರ ಗಂಡ ಮೇಸ್ತ್ರಿ ಒಳಗೆ ಕೂರಿಸುತ್ತಾರೆ. ಗರಗಸದ ಅರಚಾಟದಲ್ಲಿ ಅಳತೆ ಕೂಗಿ ಪ್ರಯೋಜನವಿಲ್ಲ. ಅದಕ್ಕೇ ಒಂದು ಮರದ ಪಟ್ಟಿ ಇಟ್ಟುಕೊಂಡಿದ್ದಾರೆ. ಮೇಸ್ತ್ರಿ ಜಾಗಕ್ಕೆ ಹಿಡಿದು ಅದರ ಮೇಲೆ ಗುರುತು ಹಾಕಿ ಕೊಡುತ್ತಾರೆ. ಅಕ್ಕ ಅದನ್ನು ಟೈಲಿನ ಅಂಚಿಗಿಟ್ಟು ಗೆರೆ ಎಳೆಯುತ್ತಾರೆ. ಪಟ್ಟಿಯ ಒಂದು ತುದಿಗೆ ಕೆಂಪು ಬಣ್ಣ. ಕೆಂಪು ತುದಿ ಯಾವತ್ತೂ ಗೋಡೆ ಕಡೆ, ಇದು ಇಬ್ಬರ ನಡುವಿನ ಕಾನೂನು. ನಿನ್ನೆ ಮೇಸ್ತ್ರಿ ಆ ಪಟ್ಟಿಯಲ್ಲೇ ಗಾರೆ ಕಲಸಿದರು. ಒಂದು ಬಕೆಟ್ಟಿಗೆ ಒಂದು ತುದಿ, ಇನ್ನೊಂದಕ್ಕೆ ಇನ್ನೊಂದು ತುದಿ. ಎರಡೂ ಬೂದು ಬಳಿದುಕೊಂಡವು. ಅಕ್ಕ ಒರೆಸಿ ನೋಡದೆ ತಿರುಗಾಮುರುಗಾ ಇಟ್ಟರು. ಎಡಕ್ಕೆ ಬರಬೇಕಾದ ಮೂಲೆಯ ಕಚ್ಚು ಬಲಕ್ಕೆ ಬಂತು.

ಜಗಳ ಇನ್ನೂ ಬಿಸಿಯಾಗಿಯೇ ಇದೆ.

“ಒರೆಸಿ ನೋಡಿದ್ರೆ ಕೈ ಸವೀತಿತ್ತಾ?” ಒಳಗಿನಿಂದ ಮೇಸ್ತ್ರಿಯ ದನಿ.

“ಸೌಟು ಬೇಕಿದ್ರೆ ಅಡುಗೆಮನೆಯಿಂದ ತರ್ಬೇಕಿತ್ತು ರೀ.”

“ನಿನ್ನ ಸೌಟು ಮುಟ್ಟಿ ಉಳಿಯೋದುಂಟೇನೇ?”

ಅಕ್ಕ ಬೆನ್ನು ತಿರುಗಿಸಿ ನಗುತ್ತಾರೆ. ನಗು ತೋರಿಸಿದರೆ ಸೋತ ಹಾಗೆ.

ಅಕ್ಕ ಈ ಕಸುಬಿಗೆ ಬಂದದ್ದು ಗರಗಸಕ್ಕೆ ನೀರು ಹೊರಲು. ಕೊಯ್ಯುತ್ತಿದ್ದ ಹಿರಿಯನಿಗೆ ಕೈ ನಡುಕ ಶುರುವಾದಾಗ ಅವನೇ ಕರೆದು ಕಲಿಸಿದ. “ಮೊದಮೊದಲು ಕೊಯ್ದಿದ್ದಕ್ಕಿಂತ ಒಡೆದಿದ್ದೇ ಜಾಸ್ತಿ. ನಮ್ಮ ಮನೆ ಬಚ್ಚಲು ನೋಡಿ, ಅಲ್ಲಿ ಹಾಸಿರೋ ಚೂರೆಲ್ಲ ನನ್ನ ವಿದ್ಯಾಭ್ಯಾಸ.” ಈಗ ದಿನಕ್ಕೆ ಮೂವತ್ತು ನಲವತ್ತು ಕೊಯ್ತ. ಚಳಿಗಾಲದಲ್ಲಿ ಬೆರಳು ಮರಗಟ್ಟುತ್ತವೆ, ಮಲಗಿದರೂ ಕಿವಿಯಲ್ಲಿ ಗರಗಸ ತಿರುಗುತ್ತಲೇ ಇರುತ್ತದೆ. ಹೆಂಗಸಿಗ್ಯಾಕೆ ಇದು ಎಂದು ಮೂಗು ಮುರಿದವರಿಗೆ ಅಕ್ಕನದು ಒಂದೇ ಉತ್ತರ: “ಕುಂಬಳಕಾಯಿ ಹೆಚ್ಚುವಾಗ ಯಾರೂ ಅಡ್ಡ ಬರಲಿಲ್ಲವಲ್ಲ.”

ನೆಲ ಹೊಳೆದರೆ ನೆಂಟರು ಮನೆಯೊಡೆಯನ ಬೆನ್ನು ತಟ್ಟಿ ಹೋಗುತ್ತಾರೆ. ಮೂಲೆಮೂಲೆಗೂ ಕೂದಲೆಳೆ ಸಂದು ಬಿಡದೆ ಕೊಯ್ದವರು ಯಾರು ಎಂದು ಕೇಳಲು ಯಾರಿಗೂ ಪುರುಸೊತ್ತಿಲ್ಲ. ನಷ್ಟ ಅವರದೇ. ಇಂಥ ಮಾತುಗಾರ್ತಿ ದಿನಾ ಸಿಗುತ್ತಾರೆಯೇ?

ಮೇಸ್ತ್ರಿ ಪಟ್ಟಿಯನ್ನು ತೊಳೆದು, ಕೆಂಪು ಕಾಣುವ ಹಾಗೆ ಎರಡು ಕೈಯಲ್ಲಿ ಹಿಡಿದು ತರುತ್ತಾರೆ. ಅಕ್ಕ ಸಾಲದೆಂಬಂತೆ ಉಗುರಿನಲ್ಲಿ ಕೆರೆದು ನೋಡುತ್ತಾರೆ. ಗೆರೆ ಎಳೆದ ಮೇಲೂ ನಂಬಿಕೆಯಿಲ್ಲ. ಗಂಡ ಹೆಂಡತಿ ಟೈಲನ್ನು ಆಚೀಚೆ ಹಿಡಿದು ಬಾಗಿಲವರೆಗೆ ಹೊತ್ತು, ಚೌಕಟ್ಟಿಗೆ ತೋರಿಸಿ, ಮತ್ತೆ ಹೊತ್ತು ತರುತ್ತಾರೆ.

ನೀರು ಚಿಮ್ಮುತ್ತದೆ, ಗರಗಸ ಕೂಗುತ್ತದೆ. ಅಕ್ಕ ಗೆರೆಯ ಮೇಲೆ ಕೊಯ್ಯುವುದಿಲ್ಲ. ಗೆರೆಯ ಪಕ್ಕ, ಬಿಸಾಡುವ ಭಾಗದಲ್ಲಿ ಕೊಯ್ಯುತ್ತಾರೆ. “ಬ್ಲೇಡಿಗೂ ಹಸಿವಿರುತ್ತೆ. ತಿನ್ನೋದಾದ್ರೆ ಬಿಸಾಡೋ ಕಡೆಯಿಂದ ತಿನ್ನಲಿ” ಎಂದು ಆಗಲೇ ಹೇಳಿದ್ದರು. ಎರಡು ಗೆರೆ ಸೇರುವ ಒಳಮೂಲೆಯೇ ಗಂಡಾಂತರದ ಜಾಗ. ಗುಂಡನೆಯ ಬ್ಲೇಡು ಮೇಲೆ ಮೂಲೆ ಮುಟ್ಟಿದಾಗ ಅಡಿಯಲ್ಲಿ ಇನ್ನೂ ಸ್ವಲ್ಪ ಉಳಿದಿರುತ್ತದೆ. ಇನ್ನೊಂದು ಚೂರು ನೂಕಿದರೆ ಟೈಲಿನ ಮುಖದ ಮೇಲೆ ಗೀರು, ಕೈಯಲ್ಲಿ ಮುರಿದರೆ ಮೂಲೆಯೇ ಸೀಳು. ಅಕ್ಕ ನಿಲ್ಲಿಸುತ್ತಾರೆ. ಟೈಲು ಮಗುಚಿ ಹಿಂಬದಿಯಿಂದ ಉಳಿದದ್ದನ್ನು ಬಿಡಿಸುತ್ತಾರೆ. ತುಂಡು ತೊಟ್ಟಿಗೆ ಟಕ್ಕೆಂದು ಬೀಳುತ್ತದೆ. ಬಾಗಿಲಲ್ಲಿ ನಿಂತ ಮೇಸ್ತ್ರಿ ಆಗ ಉಸಿರು ಬಿಡುತ್ತಾರೆ.

ಕಚ್ಚು ಎಡಕ್ಕೇ ಬಂದಿದೆ. ಚೌಕಟ್ಟಿಗೆ ಟೈಲು ಕೂತದ್ದು ಕಾಲಿಗೆ ಹಳೇ ಚಪ್ಪಲಿ ಕೂತ ಹಾಗೆ.

ಮರುದಿನ ಸಂಜೆ ಅಜ್ಜಿ ಬರುತ್ತಾರೆ. ಮಗಳು ಕುರ್ಚಿ ತಳ್ಳುತ್ತಿದ್ದಾಳೆ. ಅಜ್ಜಿ ಆಸ್ಪತ್ರೆಯ ದಿಂಬನ್ನು ಬಾಯಿತುಂಬ ಬೈಯುತ್ತಿದ್ದಾರೆ. ಗಾಲಿಗಳು ಬಾಗಿಲು ದಾಟುತ್ತವೆ. ಕುಲುಕಿಲ್ಲ, ಸದ್ದಿಲ್ಲ, ಬೈಗುಳವೂ ನಿಂತಿಲ್ಲ. ಮಂಚ ಕಂಡ ಮೇಲೆ ಅಜ್ಜಿ ಹಿಂತಿರುಗಿ ನೋಡುತ್ತಾರೆ: “ಅರೆ, ಒಳಗೇ ಬಂದ್ವಲ್ಲೇ, ಬಾಗಿಲು ದಾಟಿದ್ದು ಯಾವಾಗ?”

ಮೂಲೆಯಲ್ಲಿ ನಿಂತ ಅಕ್ಕ ಗಂಡನ ಪಕ್ಕೆಗೆ ಮೊಣಕೈಯಲ್ಲಿ ತಿವಿಯುತ್ತಾರೆ. ಈ ಸಲ ನಗು ಬಚ್ಚಿಡುವುದಿಲ್ಲ. “ಗೊತ್ತೇ ಆಗ್ಲಿಲ್ಲವಂತೆ, ಕೇಳಿದ್ರಾ?”

ಮುಂದೆ ಏನಾದರೂ ಆಸೆ ಉಂಟೇ ಎಂದರೆ ಅಕ್ಕ ತೊಟ್ಟಿ ತೊಳೆಯುತ್ತಲೇ ಯೋಚಿಸುತ್ತಾರೆ.

“ಇವರಿಗೆ ಗಾರೆ ಕಲಸೋಕೆ ಒಂದು ಬೇರೆ ಕೋಲು ಸಿಗಲಿ. ಮಿಕ್ಕಿದ್ದನ್ನ ನಾನು ಕೊಯ್ಕೋತೀನಿ.”