ಕಾಳ್ಯಾ ಹತ್ತು ದಿನ ಬದುಕಬೇಕಿತ್ತು

ಗುರುವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ ನಮ್ಮ ನಾಯಿ ಕಾಳ್ಯಾ ಅತ್ತೆಯ ಬಲಗೈ ಕಚ್ಚಿತು. ನಾನು ಆಗಷ್ಟೇ ಶಾಲೆಯಲ್ಲಿ ಪಾಠ ಮುಗಿಸಿ ಬಂದು ಕೈಗಡಿಯಾರ ಬಿಚ್ಚುತ್ತಿದ್ದೆ. ಅದಕ್ಕೇ ಹೊತ್ತು ನೆನಪಿದೆ.

ಏಳು ವರ್ಷ ಅದೇ ಕೈಯಿಂದ ರೊಟ್ಟಿ ತಿಂದ ನಾಯಿ.

ತಪ್ಪು ಶುರುವಾದದ್ದು ನನ್ನಿಂದ. ಕಾಳ್ಯಾ ಹೆಣ್ಣುನಾಯಿಗಳ ಬೆನ್ನು ಹತ್ತಿ ಪಕ್ಕದೂರು ನಿಂಬರ್ಗಾ ದಾಟಿ ಹೋಗುತ್ತಿತ್ತು, ಮೈತುಂಬ ಗಾಯ ಮಾಡಿಕೊಂಡು ಬರುತ್ತಿತ್ತು. ಬೀಜ ತೆಗೆಸಿದರೆ ಅಲೆದಾಟ ಕಡಿಮೆಯಾಗುತ್ತದೆ ಎಂದು ಬಿ.ಎಸ್ಸಿ.ಯಲ್ಲಿ ಓದಿದ್ದನ್ನು ಮನೆಯಲ್ಲಿ ಹೇಳಿದೆ. ಆಳಂದದ ದನದ ಡಾಕ್ಟರು ರಜೆಯಲ್ಲಿದ್ದರು. ನಮ್ಮ ಯಜಮಾನರು ಕಾಯಲಿಲ್ಲ. ಹೋರಿಗಳ ಬೀಜ ಒತ್ತುವ ಹಣಮಂತ ಕಾಕಾನನ್ನೇ ಕರೆತಂದರು.

ಕಾಕಾ ಇಕ್ಕಳದಿಂದ ಒತ್ತಿ ಎದ್ದ. "ಕುಂದ್ರಸಬ್ಯಾಡ್ರಿ. ಕುಂತ್ರ ಬಾವು ಇಳ್ಯಂಗಿಲ್ಲ. ನಡಸ್ರಿ."

ಹೋರಿಗೆ ಹಾಗೆಯೇ ಮಾಡುವುದು. ಮೂರು ದಿನ ಕಾಳ್ಯಾನನ್ನು ಬಂಡಿಯ ಹಿಂದೆ ಕಟ್ಟಿ ತೊಗರಿ ಹೊಲಕ್ಕೆ ನಡೆಸಿದೆವು. ಬಾವು ಮುಷ್ಟಿಯಷ್ಟಾಯಿತು. ನಾಯಿ ತಿನ್ನುವುದು ಬಿಟ್ಟು ಹಗ್ಗ ಹೆಣೆದ ಹೊರಸಿನ ಕೆಳಗೆ ಕತ್ತಲಲ್ಲಿ ಸೇರಿ ಜೊಲ್ಲು ಸುರಿಸತೊಡಗಿತು. ಅರಿಶಿನ ಹಚ್ಚಲು ಅತ್ತೆ ಕೈ ಚಾಚಿದರು.

"ನಿನ ಬುಕ್ಕಿನಾಗ ಇದೂ ಬರದಾರೇನ್ ಬೇ?" ರಕ್ತ ಸೋರುವ ಕೈ ತೋರಿಸಿ ಕೇಳಿದರು.

ಗಾಯವನ್ನು ಸಾಬೂನು ನೀರಿನಲ್ಲಿ ತೊಳೆದು ಆಳಂದಕ್ಕೆ ಕರೆದೊಯ್ದೆ. ಆಸ್ಪತ್ರೆಯ ಡಾಕ್ಟರು ಹೊಟ್ಟೆಗೆ ಮೊದಲ ಇಂಜೆಕ್ಷನ್ ಕೊಟ್ಟರು. ದಿನಕ್ಕೊಂದರಂತೆ ಹದಿನಾಲ್ಕು.

"ನಾಯೀನ್ನ ಕಟ್ಟಿಹಾಕಿ ನೋಡ್ರಿ. ಹತ್ತು ದಿನ ಬದುಕಿ ಛಲೋ ಇದ್ರ ರೇಬೀಸ್ ಇಲ್ಲ. ಇಂಜೆಕ್ಷನ್ ನಿಲ್ಲಸ್ತೀವಿ."

"ಸತ್ರ?"

"ಸಾಯೋದು ಬ್ಯಾಡ್ರಿ."

ಊರಿಗೆ ಬಂದಾಗ ಅಂಗಳದಲ್ಲಿ ಜನ ಬಡಿಗೆ ಹಿಡಿದು ನಿಂತಿದ್ದರು. "ಹುಚ್ಚ ಹಿಡದದ, ಹೊಡದ್ ಹಾಕ್ರಿ" ಎಂದು ಗದ್ದಲ. ಯಜಮಾನರ ಕೈಯಲ್ಲೂ ಬಡಿಗೆ. ನಾನು ಬಾಗಿಲಿಗೆ ಅಡ್ಡ ನಿಂತೆ. ಪ್ರೀತಿಯಿಂದಲ್ಲ. ಆ ನಾಯಿ ಸತ್ತರೆ ಅತ್ತೆಗೆ ಏನಾಗುತ್ತದೆಂದು ತಿಂಗಳುಗಟ್ಟಲೆ ಯಾರಿಗೂ ತಿಳಿಯುತ್ತಿರಲಿಲ್ಲ. ಡಾಕ್ಟರ ಮಾತು ಹೇಳಿದ ಮೇಲೆ ಯಜಮಾನರು ಬಡಿಗೆ ಇಟ್ಟು ನಾಯಿಯನ್ನು ಕಟ್ಟಿಹಾಕಿದರು.

ಮರುದಿನ ಅತ್ತೆಯ ಜೊತೆ ಬಸ್ಸಿನಲ್ಲಿ ಆಳಂದ. ಮತ್ತೆ ಮರುದಿನ. ಹೊಕ್ಕಳ ಸುತ್ತ ಗಂಟುಗಳೆದ್ದವು. ಮನೆಯಲ್ಲಿ ಉದ್ದನೆಯ ಬಿದಿರಿನ ತುದಿಯಿಂದ ನೀರಿನ ಬೋಗುಣಿಯನ್ನು ನಾಯಿಯ ಮುಂದೆ ನೂಕುತ್ತಿದ್ದೆ. ಎರಡು ದಿನ ಅದು ಮುಟ್ಟಲಿಲ್ಲ. ಮೂರನೆಯ ದಿನ ಕುಡಿಯಿತು. ನಾನು ಬೋಗುಣಿಯನ್ನು ಎಳೆದು ಮತ್ತೆ ತುಂಬಿಸಿದೆ.

ಐದನೆಯ ದಿನ ಬಾವು ಒಡೆದು ಕೀವು ಬಂತು. ರಜೆ ಮುಗಿಸಿ ಬಂದಿದ್ದ ದನದ ಡಾಕ್ಟರು ಮನೆಗೇ ಬಂದರು. ಯಜಮಾನರು ಹಗ್ಗ ಹಾಕಿ ಬಾಯಿ ಕಟ್ಟಿದರು. ಡಾಕ್ಟರು ಗಾಯ ತೊಳೆದು ಪೆನ್ಸಿಲಿನ್ ಚುಚ್ಚಿದರು.

"ಇದು ಹೋರಿ ಅಲ್ರಿ. ಮೈಮರೆಸಿ, ಕೊಯ್ದು ತೆಗೀಬೇಕು. ಆಮ್ಯಾಲ ನಡಸಬಾರ್ದು, ಮಲಗಸಬೇಕು."

"ಇನ್ನ ಮ್ಯಾಲೂ ಕಚ್ತದೇನ್ರಿ?" ನಾನು ಕೇಳಿದೆ.

"ಕಚ್ಚಿದ್ದು ನೋವಿಗಿ ಇರಬೇಕ್ರಿ. ಆದ್ರ ಹತ್ತು ದಿನ ಮುಗಿಯೂತನ ನಾ ಏನೂ ಹೇಳಂಗಿಲ್ಲ. ಊರೂರ ತಿರುಗೋದು ಮಾತ್ರ ಒಮ್ಮೆಲೆ ನಿಲ್ಲಂಗಿಲ್ಲ, ವಾರಗಟ್ಟಲೆ ಹಿಡೀತದ."

ನಾಯಿಯ ಜ್ವರ ಇಳಿದದ್ದು ಎಂಟನೆಯ ದಿನ. ಹತ್ತನೆಯ ದಿನ ಕಾಳ್ಯಾ ಎದ್ದು, ಮೂರು ಕಾಲಿನ ಮೇಲೆ ಭಾರ ಹಾಕಿ ನಿಂತು, ಹಾಲಿನಲ್ಲಿ ನೆನೆಸಿದ ರೊಟ್ಟಿ ತಿಂದಿತು. ಆಸ್ಪತ್ರೆಯಲ್ಲಿ ಡಾಕ್ಟರು ಇಂಜೆಕ್ಷನ್ ಬರೆದ ಚೀಟಿಯ ಮೇಲೆ ಗೆರೆ ಎಳೆದು, "ಸಾಕ್ರಿ" ಎಂದರು. ಅತ್ತೆ ಅವರಿಗೆ ಕೈ ಮುಗಿಯಲು ಹೋದರು. ಬಲಗೈಯ ಎರಡು ಬೆರಳು ನೆಟ್ಟಗಾಗಲಿಲ್ಲ.

ಈಗಲೂ ಪಾಠದ ನಡುವೆ ಆ ಕೈ ಹೊರಸಿನ ಕೆಳಗೆ ಚಾಚುವುದು ಕಾಣುತ್ತದೆ. ನಾನು ಕೂಗುವುದು ತಡವಾಗುತ್ತದೆ. ಕಾಳ್ಯಾ ಈಗ ಊರು ಬಿಟ್ಟು ಹೋಗುವುದು ಕಡಿಮೆ. ಆದರೆ ಯಾರಾದರೂ ಹಿಂದಿನಿಂದ ಬಂದರೆ ಗುರ್ರೆನ್ನುತ್ತದೆ.

ಚೀಟಿಗೆ ಗೆರೆ ಬಿದ್ದ ದಿನ ರಾತ್ರಿ ಮನೆಯವರೆಲ್ಲ ಬೆಳಗಿನವರೆಗೆ ನಿದ್ದೆ ಮಾಡಿದೆವು. ನನಗೆ ಎಚ್ಚರವಾದಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ಅತ್ತೆ ಎಡಗೈಯಿಂದಲೇ ರೊಟ್ಟಿ ಬಡಿಯುತ್ತಿದ್ದರು.

"ಏಳ್ ಬೇ," ಎಂದರು, "ಸಾಲಿ ಗಂಟಿ ಆಗ್ಲೇ ಹೊಡೀತು."