ಬುಟ್ಟಿಯಲ್ಲಿ ಕೂತ ದೊಡ್ಡಮ್ಮ

ನಿನ್ನೆ ನ್ಯಾಮತಿ ಸಂತೆಯಲ್ಲಿ ಹಸಿ ಬಿದಿರಬುಟ್ಟಿಗಳ ವಾಸನೆ ಮೂಗಿಗೆ ಬಡಿಯಿತೋ ಇಲ್ಲವೋ, ನನಗೆ ನೇಪಾಳ ನೆನಪಾಯಿತು. ನಗಬೇಡಿ, ನಾನೂ ಫಾರಿನ್ ಕಂಡವನೇ. ಎಂಬತ್ತರ ದಶಕದಲ್ಲಿ, ಕಾಶಿಯಾತ್ರೆಯ ಬಸ್ಸು ಕಠ್ಮಂಡುವಿಗೂ ಹೋಗುತ್ತದೆಂದು ತಿಳಿದು ಹೊನ್ನಾಳಿಯ ನಮ್ಮ ದೊಡ್ಡಮ್ಮ ನನ್ನನ್ನೂ ಎಳೆದುಕೊಂಡು ಹೊರಟಿದ್ದರು.

ಚನ್ನಗಿರಿಯ ಬಟ್ಟೆಯಂಗಡಿಯಲ್ಲಿ ನಾನು ಬರೀ ಗುಮಾಸ್ತ. ಮಾಲೀಕರು ಕರೆಯುತ್ತಿದ್ದುದು 'ಲೇ' ಎಂದು. ನೇಪಾಳದಲ್ಲಿ ಯಾರೋ 'ಸಾಹುಜಿ' ಅಂದರು. ಸಾಹುಕಾರ ಯಾರಪ್ಪ ಎಂದು ಹಿಂತಿರುಗಿ ನೋಡಿದೆ; ಹಿಂದೆ ಒಂದು ಎಮ್ಮೆ ನಿಂತಿತ್ತು. ಸಾಹುಕಾರ ನಾನೇ! ನಾಚಿಕೆಯಾಗಿ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಗುಡ್ಡದ ಮೇಲೆ ಈಶ್ವರನ ಗುಡಿ. ಅಷ್ಟು ದೂರ ಹೋಗಿ ಅದನ್ನು ನೋಡದೆ ಬಂದರೆ ಜನ್ಮವೇ ದಂಡ ಎಂಬುದು ದೊಡ್ಡಮ್ಮನ ಹಟ. ಮಂಡಿ ಮಾತ್ರ ಊದಿ ಕುಂಬಳಕಾಯಿ. ಸಣಕಲು ಕೂಲಿಯೊಬ್ಬ ಬುಟ್ಟಿ ಇಳಿಸಿ, ಕೂತುಕೊಳ್ಳಿ, ಬೆನ್ನ ಮೇಲೆ ಹೊರುತ್ತೇನೆ ಎಂದು ಸನ್ನೆ ಮಾಡಿದ.

"ಅಯ್ಯೋ ಶಿವನೇ! ನಮ್ಮೋರಾಗೆ ಕುಂದ್ರಿಸಿ ಹೊರಾದು ಒಂದೇ ಸಲ. ನಾನಿನ್ನೂ ಬದ್ಕೇ ಇದೀನಿ ಕಣೋ!"

ನಿಜ. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಹೂವಿನ ಮಂಟಪದಲ್ಲಿ ಕೂರಿಸಿ ಹೊರುತ್ತಾರೆ. ಆ ಬಡಪಾಯಿಗೆ ಇದೇನು ಗೊತ್ತು? ತನ್ನ ಮೈಕಟ್ಟು ನೋಡಿಯೇ ಬೇಡ ಅಂದರೆಂದು ಮುಖ ಸಣ್ಣದು ಮಾಡಿಕೊಂಡ. ದೊಡ್ಡಮ್ಮ ಕರಗಿದರು. "ಆತು, ಕುಂದ್ರುತೀನಿ. ಆದ್ರೆ ದಾರಿ ಉದ್ದಕ್ಕೂ ಮಾತಾಡ್ತಾ ಇರ್ತೀನಿ, ತಮ್ಮಾ, ನೀನು ಹ್ಞೂಂ ಅಂತಿರು. ನೋಡಿದೋರು ಹೆಣ ಅನ್ಕಬಾರ್ದು."

ಜಗಳೂರಿನ ಬೀಗರ ಕುರಿಗಳಿಂದ ಶುರುವಾದ ಮಾತು ಗುಡಿಯ ಬಾಗಿಲವರೆಗೂ ನಿಲ್ಲಲಿಲ್ಲ. ನಾನು ಹ್ಞೂಂ ಅಂದೆ. ಅರ್ಧ ದಾರಿಗೆ ಕೂಲಿಯವನೂ ಹ್ಞೂಂ ಅನ್ನತೊಡಗಿದ. ನನ್ನ ಕೈಯಲ್ಲಿದ್ದುದು ಹೂವಿನ ಪೊಟ್ಟಣವೊಂದೇ, ಆದರೂ ಅವನ ಬೆವರು ನೋಡಿ ನನಗೆ ಸಂಕಟವಾಗುತ್ತಿತ್ತು.

ದೇವರಿಗೆ ಕೈಮುಗಿದು ಹೊರಬಂದವರೇ ದೊಡ್ಡಮ್ಮ, "ಹೆಣಕ್ಕಾದ್ರೆ ಹೊತ್ತೋರ ಋಣ ತೀರ್ಸಾಕೆ ಆಗಲ್ಲ. ನನಗೇನು ಧಾಡಿ? ತಮ್ಮಾ, ಅವನ್ನ ಕುಂದ್ರಿಸ್ಕಂಡು ಗುಡಿ ಒಂದು ಸುತ್ತು ಹಾಕು" ಅಂದರು.

"ಕೂಲಿ ಕೊಡ್ತೀವಲ್ಲ, ದೊಡ್ಡಮ್ಮ!"

"ಕೂಲಿ ಹೊಟ್ಟಿಗಾತು. ಬೆನ್ನಿಗೆ?"

ನಾನು ಸನ್ನೆ ಮಾಡಿದೆ; ಅವನು ನಗುತ್ತಾ ಬುಟ್ಟಿಯಲ್ಲಿ ಕೂತ. ಬುಟ್ಟಿ ಹೊರುವ ಪಟ್ಟಿಯನ್ನು ಅವನಂತೆಯೇ ಹಣೆಗೆ ಹಾಕಿಕೊಂಡು ನಾನು ಎಷ್ಟು ತಿಣುಕಿದರೂ ಬುಟ್ಟಿ ಅಲುಗಲಿಲ್ಲ. ನಾನೇ ದೊಪ್ಪನೆ ಕುಕ್ಕರಿಸಿದೆ. ಅವನೇ ಎದ್ದು ಬಂದು ನನ್ನನ್ನು ಎಬ್ಬಿಸಿ, ಪ್ಯಾಂಟಿನ ಧೂಳು ಕೊಡವಿ, ಮತ್ತೆ ದೊಡ್ಡಮ್ಮನನ್ನು ಹೊತ್ತ.

ಇಳಿಯುವಾಗ ದೊಡ್ಡಮ್ಮನ ಸದ್ದೇ ಇಲ್ಲ. ಓಡಿ ಹೋಗಿ ಬುಟ್ಟಿಯೊಳಗೆ ಇಣುಕಿದೆ. "ದೊಡ್ಡಮ್ಮಾ!"

"ಸುಮ್ಕಿರೋ. ಅವನ ಉಸ್ರು ಕೇಳ್ತಾ ಐತೆ ನಂಗೆ."

ನಿನ್ನೆ ಸಂತೆಯಿಂದ ನನ್ನ ಮೂಟೆಯನ್ನು ಹಮಾಲಿಯೊಬ್ಬ ಹೊತ್ತ. ಬಸ್‌ಸ್ಟ್ಯಾಂಡ್ ಬರುವವರೆಗೆ ನಾನು ಅವನ ಉಸಿರಿಗೆ ಕಿವಿಗೊಟ್ಟು ನಡೆದೆ, ತುಟಿ ಬಿಚ್ಚಲಿಲ್ಲ. ಬಾಯಿ ಮುಚ್ಚುವುದೇ ಗೊತ್ತಿಲ್ಲದ ಗಂಡ ಹೀಗೆ ಮೂಕನಾದದ್ದು ಕಂಡು ಜೊತೆಗಿದ್ದ ಹೆಂಡತಿ ಗಾಬರಿಯಿಂದ ಹಣೆ ಮುಟ್ಟಿ ನೋಡಿದಳು. ಜ್ವರವೇನೂ ಇರಲಿಲ್ಲ.