ಬುಟ್ಟಿಗೆ ತಾಗಿದ ಬೋರ್ಡು

ನಮ್ಮ ಹಬ್ಬುವಾಡದ ಹಳ್ಳ ದಾಟುವ ಸಂಕ ರಿಪೇರಿಯಾಗಿ, ಪಕ್ಕದಲ್ಲಿ ನಡೆಯುವವರಿಗೆಂದೇ ಕಂಬಿ ಹಾಕಿದ ದಾರಿ ಬಂತು. ಮೀನು ಮಾರುವ ನಮಗೆ ಇನ್ನು ಲಾರಿಯ ಹೆದರಿಕೆ ಇಲ್ಲ ಅಂದುಕೊಂಡೆ. ಮೊದಲ ದಿನವೇ, ದಾರಿಯ ಬಾಯಲ್ಲಿ ಮೇಲೆ ಅಡ್ಡ ಕಟ್ಟಿದ್ದ ಬೋರ್ಡಿಗೆ ತಲೆ ಮೇಲಿನ ಬುಟ್ಟಿ ತಾಗಿ ನಾಲ್ಕು ಬಂಗುಡೆ ಕೆಳಗೆ ಬಿದ್ದವು.

ಅಲ್ಲೇ ಕೆಲಸ ನೋಡುತ್ತಿದ್ದ ಇಂಜಿನಿಯರನನ್ನು ಕೇಳಿದೆ, "ಇದ್ರಲ್ಲಿ ಎಂತ ಬರ್ದದೆ, ತಮಾ?"

"ಸುರಕ್ಷಿತವಾಗಿ ನಡೆಯಿರಿ ಅಂತ, ಅಜ್ಜಿ. ನೀವು ಬುಟ್ಟಿ ಇಳಿಸಿ ದಾಟಿ."

"ತುಂಬಿದ ಬುಟ್ಟಿ ಇಳಿಸೂಕೂ ಎತ್ತೂಕೂ ಇನ್ನೊಬ್ರ ಕೈ ಬೇಕು. ನೀ ದಿನಾ ಬಂದು ನಿಲ್ತ್ಯಾ?"

ಅವ ನಕ್ಕ. ನಾನು ನಗಲಿಲ್ಲ. "ಹಂಗಾದ್ರೆ ಇವತ್ತಿಂದ್ಲೇ ಶುರು ಮಾಡು, ಹಿಡಿ" ಅಂದೆ.

ಪಾಪ, ಹಿಡಿದ. ಬೋರ್ಡಿನ ಈಚೆ ಇಳಿಸಿದ, ಆಚೆ ತಂದು ನನ್ನ ತಲೆಗೆ ಎತ್ತಿದ. ಎತ್ತುವಾಗ ಮೀನಿನ ನೀರೆಲ್ಲ ಅವನ ಇಸ್ತ್ರಿ ಅಂಗಿಯ ಮೇಲೆ ಇಳಿಯಿತು. ಅಷ್ಟರಲ್ಲಿ ಹಿಂದೆ ಬುಟ್ಟಿ ಹೊತ್ತ ಇನ್ನೂ ಐದು ಹೆಂಗಸರು ಸಾಲಾಗಿ ನಿಂತು, "ನಮ್ದೂ ಎತ್ತಿ, ಸಾಹೇಬ್ರೇ!" ಅಂದರು.

ಮರುದಿನ ಬೋರ್ಡು ಎರಡು ಮೊಳ ಮೇಲೇರಿತ್ತು. ಈಗ ಅದನ್ನು ಓದಬೇಕಾದರೆ ಕತ್ತು ಎತ್ತಬೇಕಂತೆ. ಬುಟ್ಟಿ ಹೊತ್ತವಳಿಗೆ ಕತ್ತು ಎತ್ತೂಕೆ ಬರೂದಿಲ್ಲ, ನನಗಂತೂ ಓದೂಕೂ ಬರೂದಿಲ್ಲ.